ಡ್ರೆಸ್ಡನ್: ಮೂಗಿಗೆ ಪಾಠ ಹೇಳಿಕೊಟ್ಟ ಊರು

ಜರ್ಮನಿಯ ಪೂರ್ವಭಾಗದಲ್ಲಿರುವ ಸ್ಯಾಕ್ಸನಿ ರಾಜ್ಯದ ರಾಜಧಾನಿ ಡ್ರೆಸ್ಡನ್. ಬರ್ಲಿನ್‌ನಿಂದ ರೈಲು ಹತ್ತಿದರೆ ಸುಮಾರು ಎರಡು ಗಂಟೆಯ ಹಾದಿ. ಝೆಕ್ ದೇಶದ ಬೆಟ್ಟಗಳ ಕಡೆಯಿಂದ ಇಳಿದು ಬರುವ ಎಲ್ಬ ನದಿ ಊರನ್ನು ಎರಡು ಭಾಗ ಮಾಡಿ ಹರಿಯುತ್ತದೆ. ದಕ್ಷಿಣದ ದಡದಲ್ಲಿ ಹಳೆಯ ಪಟ್ಟಣ, ಉತ್ತರದ ದಡದಲ್ಲಿ ಹೊಸ ಪಟ್ಟಣ. ಅರಮನೆ, ಚಿತ್ರಶಾಲೆ, ಸಂಗೀತ ಮಂದಿರಗಳನ್ನು ನೋಡಲು ಪ್ರವಾಸಿಗರು ವರ್ಷವಿಡೀ ಇಲ್ಲಿಗೆ ಬರುತ್ತಾರೆ. ಆದರೆ ಅರಮನೆಯ ಕಡೆಗೆ ತಿರುಗಿಯೂ ನೋಡದೆ, ಟ್ರ್ಯಾಮ್ ಹಿಡಿದು ನೇರವಾಗಿ ಒಂದು ಆಸ್ಪತ್ರೆಯ ಆವರಣಕ್ಕೆ ಹೋಗುವವರೂ ಉಂಟು. ಅವರು ಕಳೆದುಕೊಂಡಿರುವುದು ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಸಂಪತ್ತನ್ನು. ಅದು ವಾಸನೆ.

ನೆಗಡಿ ಬಂದಾಗ ಮೂಗು ಕಟ್ಟಿಕೊಂಡು ವಾಸನೆ ತಿಳಿಯದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಾರದೊಳಗೆ ಎಲ್ಲ ಸರಿಹೋಗುತ್ತದೆ. ಆದರೆ ಕೆಲವರಲ್ಲಿ ಮೂಗು ತೆರೆದುಕೊಳ್ಳುತ್ತದೆ, ಉಸಿರಾಟ ಸಲೀಸಾಗುತ್ತದೆ, ವಾಸನೆ ಮಾತ್ರ ಮರಳುವುದಿಲ್ಲ. ತಿಂಗಳುಗಳು ಉರುಳಿದರೂ ಮಲ್ಲಿಗೆಯೂ ಕಾಗದವೂ ಒಂದೇ ಆಗಿರುತ್ತವೆ. ವೈರಸ್ ಸೋಂಕಿನ ನಂತರ ಉಳಿಯುವ ಈ ನಷ್ಟಕ್ಕೆ ಸರಳವಾದ, ಆದರೆ ತಾಳ್ಮೆ ಬೇಡುವ ಒಂದು ಚಿಕಿತ್ಸೆಯನ್ನು 2009ರಲ್ಲಿ ಪ್ರಯೋಗದ ಮೂಲಕ ಜಗತ್ತಿನ ಮುಂದಿಟ್ಟ ಊರು ಡ್ರೆಸ್ಡನ್.

ಪರಿಮಳದ ನಂಟು

ಈ ಊರಿಗೂ ಮೂಗಿಗೂ ನಂಟು ಹಳೆಯದು. 1908ರಲ್ಲಿ ಇಲ್ಲಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಕಾಫಿಯ ಲೋಟದ ತಳದಲ್ಲಿ ಉಳಿಯುವ ಚರಟದಿಂದ ಬೇಸತ್ತು ಹೊಸ ಉಪಾಯವೊಂದನ್ನು ಹೂಡಿದಳು. ಹಿತ್ತಾಳೆಯ ಪಾತ್ರೆಗೆ ತೂತು ಕೊರೆದು, ಮಗನ ಶಾಲಾ ಪುಸ್ತಕದಲ್ಲಿದ್ದ ಮಸಿ ಹೀರುವ ಕಾಗದವನ್ನು ಅದರೊಳಗಿಟ್ಟು ಕಾಫಿ ಸೋಸಿದಳು. ಇಂದು ಜಗತ್ತಿನ ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿರುವ ಕಾಗದದ ಕಾಫಿ ಸೋಸಕ ಹುಟ್ಟಿದ್ದು ಹೀಗೆ.

ಬಾಯಿಯ ದುರ್ವಾಸನೆ ನೀಗಿಸುವ ಓಡೊಲ್ ಎಂಬ ದ್ರವವನ್ನು 1890ರ ದಶಕದಲ್ಲಿ ಮಾರುಕಟ್ಟೆಗೆ ತಂದು ಶ್ರೀಮಂತನಾದ ಕಾರ್ಲ್ ಆಗಸ್ಟ್ ಲಿಂಗ್ನರ್ ಕೂಡ ಇದೇ ಊರಿನ ಉದ್ಯಮಿ. ಆತ ಗಳಿಸಿದ ಹಣವನ್ನು ಜನರ ಆರೋಗ್ಯ ಶಿಕ್ಷಣಕ್ಕೂ ಸುರಿದ. 1911ರಲ್ಲಿ ಡ್ರೆಸ್ಡನ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಪ್ರದರ್ಶನ ನಡೆಯಿತು. ಮರುವರ್ಷ ಆರೋಗ್ಯ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. 1930ರಲ್ಲಿ ಅದರ ಹೊಸ ಕಟ್ಟಡ ತೆರೆದಾಗ ಜನ ಮುಗಿಬಿದ್ದು ನೋಡಿದ್ದು 'ಗಾಜಿನ ಮನುಷ್ಯ'ನನ್ನು. ಪಾರದರ್ಶಕ ಚರ್ಮದ ಒಳಗೆ ಎಲುಬು, ರಕ್ತನಾಳ, ಅಂಗಾಂಗಗಳೆಲ್ಲ ಕಾಣುವ ಆಳೆತ್ತರದ ಮಾದರಿ ಅದು. ವಿಜ್ಞಾನ ಓದುವ ಮಕ್ಕಳು ಡ್ರೆಸ್ಡನ್‌ಗೆ ಹೋದರೆ ತಪ್ಪದೆ ನೋಡಬೇಕಾದ ಜಾಗ ಈ ಸಂಗ್ರಹಾಲಯ.

ಇನ್ನು ಡಿಸೆಂಬರ್ ಬಂತೆಂದರೆ ಹಳೆಯ ಮಾರುಕಟ್ಟೆ ಚೌಕದಲ್ಲಿ 'ಸ್ಟ್ರೀಟ್ಸೆಲ್‌ಮಾರ್ಕ್ಟ್' ಸಂತೆ ನೆರೆಯುತ್ತದೆ. ಇದರ ಇತಿಹಾಸ 1434ರಿಂದ ಆರಂಭವಾಗುತ್ತದೆ. ಬೆಣ್ಣೆ, ಒಣದ್ರಾಕ್ಷಿ ಬೆರೆಸಿ ಮಾಡುವ 'ಸ್ಟೊಲ್ಲೆನ್' ಎಂಬ ಹಬ್ಬದ ರೊಟ್ಟಿ, ಹುರಿದ ಬಾದಾಮಿ, ಲವಂಗ ಮತ್ತು ದಾಲ್ಚಿನ್ನಿ ಹಾಕಿ ಬಿಸಿಮಾಡಿದ ಪಾನೀಯ, ಕಡಿದು ತಂದ ಪೈನ್ ಜಾತಿಯ ಮರಗಳ ರಾಳ ಇವೆಲ್ಲದರ ಪರಿಮಳ ಚಳಿಗಾಳಿಯಲ್ಲಿ ಬೆರೆತುಕೊಳ್ಳುತ್ತದೆ. ಆ ಜನಜಂಗುಳಿಯ ನಡುವೆ ನಿಂತು ದೀಪಗಳನ್ನು ಮಾತ್ರ ಕಾಣಬಲ್ಲ, ಪರಿಮಳವನ್ನು ಕಾಣಲಾರದ ಒಬ್ಬ ರೋಗಿಯನ್ನು ಊಹಿಸಿಕೊಂಡರೆ ಈ ನಷ್ಟದ ಅಳತೆ ಸಿಗುತ್ತದೆ.

ಮೂಗಿನ ಮಾಳಿಗೆಯಲ್ಲಿ

ಮೂಗಿನ ಎರಡು ಹೊಳ್ಳೆಗಳ ತೀರಾ ಮೇಲುಗಡೆ, ಕಣ್ಣುಗಳ ನಡುವಿನ ಎತ್ತರದಲ್ಲಿ, ಅಂಚೆಚೀಟಿಯಷ್ಟು ಅಗಲದ ತೆಳು ಪೊರೆ ಇದೆ. ಅದರಲ್ಲಿ ಲಕ್ಷಾಂತರ ಘ್ರಾಣ ನರಕೋಶಗಳಿವೆ. ಹೂವಿನಿಂದಲೋ ಸಾರಿನಿಂದಲೋ ಹೊರಟ ಅಣುಗಳು ಉಸಿರಿನೊಡನೆ ಮೇಲೇರಿ ಈ ಕೋಶಗಳ ಗ್ರಾಹಕಗಳಿಗೆ ತಾಗುತ್ತವೆ. ಅಲ್ಲಿ ಹುಟ್ಟಿದ ಸಂಕೇತ, ಜರಡಿಯಂತೆ ರಂಧ್ರಗಳಿರುವ ಎಲುಬಿನ ಮೂಲಕ ಹಾಯ್ದು ಮೆದುಳಿನ ತಳದ ಘ್ರಾಣಕಂದವನ್ನು ಸೇರುತ್ತದೆ. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಹಾರ್ಮೋನಿಯಮ್ಮಿನ ಒಂದೊಂದು ಮನೆಯೂ ಒಂದೊಂದು ಸ್ವರವಾದರೂ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಾಗ ಬೇರೆಯದೇ ನಾದ ಹುಟ್ಟುತ್ತದೆ. ವಾಸನೆಯೂ ಹಾಗೆಯೇ. ಒಂದು ಲೋಟ ಕಾಫಿಯಿಂದ ಏಳುವ ನೂರಾರು ಬಗೆಯ ಅಣುಗಳು ಹಲವು ಗ್ರಾಹಕಗಳನ್ನು ಒಟ್ಟಿಗೆ ಮೀಟುತ್ತವೆ. ಆ ಒಟ್ಟು ವಿನ್ಯಾಸಕ್ಕೆ ಮೆದುಳು 'ಕಾಫಿ' ಎಂದು ಹೆಸರಿಡುತ್ತದೆ.

ಶೀತದ ವೈರಸ್, ಫ್ಲೂ ವೈರಸ್‌ಗಳು ಈ ಪೊರೆಗೆ ಹಾನಿ ಮಾಡಬಲ್ಲವೆಂಬುದು ವೈದ್ಯರಿಗೆ ಹಿಂದಿನಿಂದಲೂ ತಿಳಿದಿತ್ತು. 2020ರಲ್ಲಿ ಕೋವಿಡ್ ಹರಡಿದಾಗ ಈ ತೊಂದರೆ ಮನೆಮಾತಾಯಿತು. ಭಾರತದ ಆರೋಗ್ಯ ಸಚಿವಾಲಯ ಅದೇ ವರ್ಷದ ಜೂನ್ ತಿಂಗಳಲ್ಲಿ ವಾಸನೆ ಮತ್ತು ರುಚಿ ನಷ್ಟವನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಕೋವಿಡ್ ವೈರಸ್ ಮುಖ್ಯವಾಗಿ ದಾಳಿ ಮಾಡುವುದು ನರಕೋಶಗಳ ಮೇಲಲ್ಲ, ಅವಕ್ಕೆ ಆಸರೆಯಾಗಿ ನಿಂತಿರುವ ಪೋಷಕ ಕೋಶಗಳ ಮೇಲೆ ಎಂಬುದು ಸಂಶೋಧನೆಯಿಂದ ತಿಳಿದುಬಂತು. ಚಪ್ಪರದ ಕಂಬ ಕಿತ್ತರೆ ಬಳ್ಳಿ ಬಾಡುವ ಹಾಗೆ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ.

ಇಲ್ಲಿ ಪ್ರಕೃತಿಯ ಒಂದು ಕರುಣೆಯನ್ನು ಗಮನಿಸಬೇಕು. ದೇಹದ ಬಹುಪಾಲು ನರಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಘ್ರಾಣ ನರಕೋಶಗಳು ಹಾಗಲ್ಲ. ಪೊರೆಯ ತಳದಲ್ಲಿರುವ ಬುಡಕೋಶಗಳು ಜೀವನಪರ್ಯಂತ ಹೊಸ ನರಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತವೆ. ಆದರೆ ಹುಟ್ಟಿದ ಪ್ರತಿ ಕೋಶವೂ ತನ್ನ ಎಳೆಯನ್ನು ಜರಡಿ ಎಲುಬಿನ ಮೂಲಕ ಮೇಲೆ ಚಾಚಿ ಸರಿಯಾದ ತಾಣವನ್ನು ಸೇರಬೇಕು. ಎಳೆಗಳು ಅದಲುಬದಲಾದರೆ ವಾಸನೆ ವಿಕಾರವಾಗುತ್ತದೆ. ಕಾಫಿ ಸುಟ್ಟ ರಬ್ಬರಿನಂತೆ, ಈರುಳ್ಳಿಯ ಒಗ್ಗರಣೆ ಚರಂಡಿಯಂತೆ ನಾರಬಹುದು. ವೈದ್ಯರು ಇದನ್ನು 'ಪ್ಯಾರಾಸ್ಮಿಯಾ' ಎನ್ನುತ್ತಾರೆ. ಅನುಭವಿಸುವವರಿಗೆ ಇದು ನರಕವೇ ಸರಿ. ಆದರೂ ನರಗಳು ಮತ್ತೆ ಚಿಗುರುತ್ತಿವೆ ಎಂಬುದರ ಕುರುಹು ಇದಾಗಿರಬಹುದೆಂದು ಅನೇಕ ತಜ್ಞರು ಹೇಳುತ್ತಾರೆ.

ನಾಲ್ಕು ಸೀಸೆಗಳ ಪಾಠ

ಹಳೆಯ ಪಟ್ಟಣದ ಪೂರ್ವಕ್ಕೆ ಯೋಹಾನ್‌ಸ್ಟಾಟ್ ಎಂಬ ಬಡಾವಣೆಯಿದೆ. ಅಲ್ಲಿರುವುದೇ ಕಾರ್ಲ್ ಗುಸ್ತಾಫ್ ಕಾರುಸ್ ವಿಶ್ವವಿದ್ಯಾಲಯ ಆಸ್ಪತ್ರೆ. ಕಾರುಸ್ 19ನೆಯ ಶತಮಾನದಲ್ಲಿ ಇದೇ ಊರಿನಲ್ಲಿ ವೈದ್ಯನಾಗಿದ್ದವನು, ಜೊತೆಗೆ ಒಳ್ಳೆಯ ಚಿತ್ರಕಾರ. ಡ್ರೆಸ್ಡನ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಾಸನೆ ಮತ್ತು ರುಚಿಗೆಂದೇ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತ ಬಂದಿದೆ. ಪ್ರಾಧ್ಯಾಪಕ ಥಾಮಸ್ ಹುಮ್ಮೆಲ್ ಅವರ ಹೆಸರು ಇದರೊಡನೆ ಬೆಸೆದುಕೊಂಡಿದೆ.

ಇಲ್ಲಿ ಕಣ್ಣಿನ ಪರೀಕ್ಷೆಗೆ ಅಕ್ಷರದ ಹಲಗೆ ಇದ್ದಂತೆ ಮೂಗಿನ ಪರೀಕ್ಷೆಗೆ ಪೆನ್ನುಗಳಿವೆ. ಎರ್ಲಾಂಗೆನ್ ನಗರದ ಗೆರ್ಡ್ ಕೋಬಾಲ್, ಹುಮ್ಮೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ 'ಸ್ನಿಫಿನ್ ಸ್ಟಿಕ್ಸ್' ಇವು. ನೋಡಲು ಮಕ್ಕಳು ಬಣ್ಣ ಹಚ್ಚುವ ಪೆನ್ನಿನಂತೆಯೇ. ಒಳಗೆ ಮಸಿಯ ಬದಲು ಪರಿಮಳ. ಪರೀಕ್ಷೆಯಲ್ಲಿ ಮೂರು ಭಾಗ: ಎಷ್ಟು ಮಂದವಾದ ವಾಸನೆ ತಿಳಿಯುತ್ತದೆ, ಎರಡು ವಾಸನೆಗಳ ವ್ಯತ್ಯಾಸ ತಿಳಿಯುತ್ತದೆಯೆ, ಹೆಸರಿಸಲು ಬರುತ್ತದೆಯೆ. ಒಟ್ಟು 48 ಅಂಕ. ಸುಮಾರು 16ಕ್ಕಿಂತ ಕೆಳಗಿಳಿದರೆ ವಾಸನೆ ಇಲ್ಲವೆಂದೇ ಲೆಕ್ಕ. ಹೆಸರಿಸುವ ಭಾಗದಲ್ಲಿ ಕಿತ್ತಳೆ, ಬಾಳೆ, ಬೆಳ್ಳುಳ್ಳಿ, ಲವಂಗಗಳಂಥ ಪರಿಚಿತ ವಾಸನೆಗಳ ಜೊತೆಗೆ ಟರ್ಪೆಂಟೈನ್, ಲಿಕೊರೈಸ್‌ಗಳಂಥವೂ ಇವೆ. ಜರ್ಮನಿಯ ಮಕ್ಕಳಿಗೆ ಲಿಕೊರೈಸ್ ಮಿಠಾಯಿ ಚಿರಪರಿಚಿತ. ಕರ್ನಾಟಕದ ಮಗು ಅದಕ್ಕೆ ತಡವರಿಸಿದರೆ ಅದು ಮೂಗಿನ ದೋಷವಲ್ಲ, ಪರಿಚಯದ ಕೊರತೆ. ಈ ಕಾರಣಕ್ಕೇ ಹಲವು ದೇಶಗಳು ಪರೀಕ್ಷೆಯನ್ನು ತಮ್ಮ ಜನರಿಗೆ ತಕ್ಕಂತೆ ಮಾರ್ಪಡಿಸಿಕೊಂಡಿವೆ.

ಇನ್ನು ಚಿಕಿತ್ಸೆ. ಅದರಲ್ಲಿ ಗುಳಿಗೆಯೂ ಇಲ್ಲ, ಸೂಜಿಯೂ ಇಲ್ಲ. ನಾಲ್ಕು ಸೀಸೆಗಳು, ನಾಲ್ಕು ಪರಿಮಳಗಳು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ರತಿಯೊಂದನ್ನೂ ಹತ್ತಾರು ಸೆಕೆಂಡು ಗಮನವಿಟ್ಟು ಮೂಸಬೇಕು. ಹೀಗೆ 12 ವಾರ. ಈ ನಾಲ್ಕೇ ಏಕೆ? ಜರ್ಮನಿಯ ಮನಶ್ಶಾಸ್ತ್ರಜ್ಞ ಹನ್ಸ್ ಹೆನಿಂಗ್ 1916ರಲ್ಲಿ ವಾಸನೆಗಳನ್ನು ಆರು ಮೂಲ ಗುಂಪುಗಳಾಗಿ ವಿಂಗಡಿಸಿದ್ದ: ಹೂವು, ಹಣ್ಣು, ಮಸಾಲೆ, ರಾಳ, ಸುಟ್ಟದ್ದು, ಕೊಳೆತದ್ದು. ಮೊದಲ ನಾಲ್ಕು ಗುಂಪುಗಳಿಂದ ಒಂದೊಂದನ್ನು ಆರಿಸಲಾಯಿತು. ದಿನಕ್ಕೆರಡು ಬಾರಿ ಕೊಳೆತದ್ದನ್ನು ಮೂಸಿರೆಂದು ರೋಗಿಗೆ ಹೇಳುವುದು ಹೇಗೆ?

ಹದಿನಾರು ಮಂದಿಯ ಮಹತ್ವ

2009ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 56 ರೋಗಿಗಳಿದ್ದರು. 40 ಮಂದಿ ನಾಲ್ಕು ಸೀಸೆಗಳ ಅಭ್ಯಾಸ ಮಾಡಿದರು, 16 ಮಂದಿ ಮಾಡಲಿಲ್ಲ. ಅಭ್ಯಾಸ ಮಾಡಿದವರ ಅಂಕಗಳು ಏರಿದವು, ಮಾಡದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಏನೂ ಮಾಡದ ಆ 16 ಮಂದಿ ಪ್ರಯೋಗಕ್ಕೆ ಏಕೆ ಬೇಕಿತ್ತು? ಉತ್ತರ ಮುಖ್ಯವಾದದ್ದು. ವೈರಸ್‌ನಿಂದ ಹೋದ ವಾಸನೆ ಎಷ್ಟೋ ಸಾರಿ ತಾನಾಗಿಯೇ ಮರಳುತ್ತದೆ. ಆಗ ರೋಗಿ ಕುಡಿದ ಕಷಾಯಕ್ಕೋ ನುಂಗಿದ ಗುಳಿಗೆಗೋ ಕಟ್ಟಿದ ತಾಯಿತಕ್ಕೋ ಕೀರ್ತಿ ಸಲ್ಲುತ್ತದೆ. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಾಗ ಮಾತ್ರ ಕಾಲದ ಕೆಲಸ ಯಾವುದು, ಮದ್ದಿನ ಕೆಲಸ ಯಾವುದು ಎಂಬುದು ಬೇರ್ಪಡುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಗಿಡಕ್ಕೆ ಬೆಳಕು ಕೊಟ್ಟು ಇನ್ನೊಂದನ್ನು ಕತ್ತಲಲ್ಲಿಡುವುದೂ ಇದೇ ಕಾರಣಕ್ಕೆ.

ಒಂದೇ ಪ್ರಯೋಗದಿಂದ ಸತ್ಯ ಸ್ಥಾಪನೆಯಾಗುವುದಿಲ್ಲ. 2014ರಲ್ಲಿ ಜರ್ಮನಿಯ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಮಂದ ಪರಿಮಳಕ್ಕಿಂತ ಗಾಢ ಪರಿಮಳದ ಅಭ್ಯಾಸವೇ ಹೆಚ್ಚು ಫಲ ಕೊಟ್ಟಿತು. 2015ರಲ್ಲಿ ಟರ್ಕಿಯ ವೈದ್ಯರು ಹುಮ್ಮೆಲ್ ಅವರೊಡಗೂಡಿ, 12 ವಾರಕ್ಕೊಮ್ಮೆ ಪರಿಮಳಗಳನ್ನು ಬದಲಿಸುತ್ತ ಅಭ್ಯಾಸವನ್ನು ಮುಂದುವರಿಸಿದರೆ ಪ್ರಯೋಜನ ಹೆಚ್ಚೆಂದು ಕಂಡುಕೊಂಡರು. ಎಲ್ಲರಿಗೂ ಪೂರ್ಣ ಗುಣವಾಗುತ್ತದೆಂದು ಯಾರೂ ಹೇಳಿಲ್ಲ. ಕೆಲವರಿಗೆ ಬಹುಮಟ್ಟಿಗೆ, ಕೆಲವರಿಗೆ ಅಲ್ಪಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಆದರೆ ಖರ್ಚು ಕಡಿಮೆ, ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಹಲವು ದೇಶಗಳ ತಜ್ಞರು ಈಗ ಮೊದಲು ಸೂಚಿಸುವ ಚಿಕಿತ್ಸೆ ಇದೇ ಆಗಿದೆ.

ಅವಸರದ ಮದ್ದುಗಳು

ನಿಧಾನದ ಚಿಕಿತ್ಸೆ ಇರುವ ಕಡೆ ಅವಸರದ ಮದ್ದುಗಳೂ ಹುಟ್ಟಿಕೊಳ್ಳುತ್ತವೆ. ಸತುವಿನ ಕಥೆಯನ್ನೇ ನೋಡಿ. 1937ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಪೋಲಿಯೊ ತಡೆಯಬಹುದೆಂಬ ನಂಬಿಕೆಯಿಂದ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ, ಕೆಲವು ಮಕ್ಕಳ ವಾಸನೆ ಮಾತ್ರ ಹೋಯಿತು. ಅದೇ ಸತು ನೆಗಡಿಯ ಮದ್ದಿನ ವೇಷದಲ್ಲಿ ಮತ್ತೆ ಮೂಗಿಗೆ ಬಂತು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಮೂಗಿಗೆ ಹಾಕುವ ಕೆಲವು ಸತುವಿನ ಮದ್ದುಗಳಿಂದ ವಾಸನೆ ನಷ್ಟವಾಗುತ್ತದೆಂದು ಜನರನ್ನು ಎಚ್ಚರಿಸಬೇಕಾಯಿತು. ಸ್ಟಿರಾಯ್ಡ್ ಗುಳಿಗೆಗಳಿಂದ ವೈರಸ್ ನಂತರದ ನಷ್ಟಕ್ಕೆ ಲಾಭವೆಂಬುದಕ್ಕೆ ಪುರಾವೆ ಸಾಲದು, ಅಡ್ಡಪರಿಣಾಮಗಳಂತೂ ಖಚಿತ. ವಿಟಮಿನ್ 'ಎ' ಹನಿಗಳನ್ನು ಕುರಿತು ಡ್ರೆಸ್ಡನ್‌ನಲ್ಲೇ ಅಧ್ಯಯನ ನಡೆದಿದೆ. ಆಸೆ ಹುಟ್ಟಿಸುವ ಫಲಿತಾಂಶ ಬಂದಿದೆಯಾದರೂ ನಿರ್ಧಾರಕ್ಕೆ ಅದು ಸಾಲದು.

ಕಪ್ಪು ಕಲ್ಲು, ಬಿಳಿ ಕಲ್ಲು

ಆಸ್ಪತ್ರೆಯಿಂದ ಹಳೆಯ ಪಟ್ಟಣದ ಕಡೆಗೆ ಮರಳಿದರೆ ಎದುರಾಗುವುದು ಫ್ರೌಯೆನ್‌ಕಿರ್ಖೆ ಎಂಬ ಭವ್ಯ ಇಗರ್ಜಿ. 1743ರಲ್ಲಿ ಪೂರ್ಣಗೊಂಡಿದ್ದ ಇದು ಎರಡನೆಯ ಮಹಾಯುದ್ಧದಲ್ಲಿ, 1945ರ ಫೆಬ್ರವರಿಯ ವಿಮಾನದಾಳಿಯ ಬೆಂಕಿಗೆ ಸಿಕ್ಕಿ ಕುಸಿದುಬಿತ್ತು. ಆ ದಾಳಿಯಲ್ಲಿ ಸುಮಾರು 25,000 ಜನ ಸತ್ತರೆಂದು ಇತಿಹಾಸಕಾರರ ಲೆಕ್ಕ. ಕಲ್ಲುರಾಶಿ ದಶಕಗಳ ಕಾಲ ಹಾಗೆಯೇ ಬಿದ್ದಿತ್ತು. 1994ರಲ್ಲಿ ಪುನರ್ನಿರ್ಮಾಣ ಆರಂಭವಾಗಿ 2005ರ ಅಕ್ಟೋಬರ್ 30ರಂದು ಇಗರ್ಜಿ ಮತ್ತೆ ತೆರೆಯಿತು. ರಾಶಿಯಿಂದ ಹೆಕ್ಕಿದ ಸಾವಿರಾರು ಹಳೆಯ ಕಲ್ಲುಗಳನ್ನು ಸಾಧ್ಯವಾದೆಡೆ ಅವುಗಳ ಮೂಲ ಸ್ಥಾನದಲ್ಲೇ ಕೂರಿಸಲಾಯಿತು. ಹೊಸ ಮರಳುಗಲ್ಲಿನ ನಸುಹಳದಿ ಗೋಡೆಯಲ್ಲಿ ಹಳೆಯವು ಕಪ್ಪಾಗಿ ಕಾಣುತ್ತವೆ. ಹನ್ನೊಂದು ವರ್ಷ ಹಿಡಿದ ಕೆಲಸ ಅದು.

ಊರಿನ ಹೊರವಲಯದ ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ ಇನ್ನೂರು ವರ್ಷ ದಾಟಿದ ಕೆಮೀಲಿಯಾ ಮರವಿದೆ. 1905ರ ಜನವರಿಯ ಕಡುಚಳಿಯಲ್ಲಿ ಅದರ ಸುತ್ತ ಕಟ್ಟಿದ್ದ ಮರದ ಮನೆಗೆ ಬೆಂಕಿ ಬಿತ್ತು. ಬೆಂಕಿ ನಂದಿಸಲು ಎರಚಿದ ನೀರು ಗಿಡದ ಮೇಲೆಯೇ ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ ಅದನ್ನು ಚಳಿಯಿಂದ ಕಾಪಾಡಿತೆಂದು ಹೇಳುತ್ತಾರೆ. ಗಿಡ ಮತ್ತೆ ಚಿಗುರಿತು. ಈಗ ಚಳಿಗಾಲಕ್ಕೆ ಹಳಿಗಳ ಮೇಲೆ ಸರಿಯುವ ಗಾಜಿನ ಮನೆಯೊಂದು ಅದನ್ನು ಕಾಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಾವಿರಾರು ಕೆಂಪು ಹೂ ಬಿಡುತ್ತದೆ. ಆ ಹೂಗಳಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಮೂಗು ಸೋತವರೂ ಇತರರಂತೆಯೇ ಪೂರ್ತಿಯಾಗಿ ಸವಿಯಬಹುದಾದ ಹೂವು ಅದು.

ಮನೆಯಲ್ಲಿ ಮಾಡಬಹುದಾದ್ದು

ನಾಲ್ಕು ಸೀಸೆಗಳಿಗಾಗಿ ಜರ್ಮನಿಗೇ ಹೋಗಬೇಕಾಗಿಲ್ಲ. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿಯ ಎಣ್ಣೆ ಕರ್ನಾಟಕದ ಯಾವ ಪೇಟೆಯಲ್ಲಾದರೂ ಸಿಗುತ್ತವೆ. ಆದರೆ ಮೊದಲು ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಬೇಕು. ಮೂಗಿನೊಳಗಿನ ದುರ್ಮಾಂಸ, ಸೈನಸ್ ತೊಂದರೆ, ತಲೆಗೆ ಬಿದ್ದ ಪೆಟ್ಟು, ವಯಸ್ಸಾದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಇವೂ ವಾಸನೆಯನ್ನು ಕಸಿಯಬಲ್ಲವು, ಅವುಗಳ ಚಿಕಿತ್ಸೆ ಬೇರೆ. ವೈದ್ಯರು ಒಪ್ಪಿದರೆ ಮುಚ್ಚಳವಿರುವ ನಾಲ್ಕು ಪುಟ್ಟ ಸೀಸೆಗಳಲ್ಲಿ ಹತ್ತಿ ಇಟ್ಟು ಕೆಲವು ಹನಿ ಎಣ್ಣೆ ಹಾಕಿ, ಹೆಸರು ಬರೆದ ಚೀಟಿ ಅಂಟಿಸಿಕೊಂಡರಾಯಿತು. ಎಣ್ಣೆಯನ್ನು ಮೂಗಿಗೆ ಹಾಕಬಾರದು, ಕುಡಿಯಲಂತೂ ಕೂಡದು. ನೀಲಗಿರಿ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆ ಸೇರಿದರೆ ಜೀವಕ್ಕೇ ಅಪಾಯ. ಮೂಸುವಾಗ ಮನಸ್ಸು ಅಲ್ಲೇ ಇರಬೇಕು. ಲವಂಗದ ಸೀಸೆ ಹಿಡಿದಾಗ ಲವಂಗದ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳಬೇಕು. ಟಿವಿ ನೋಡುತ್ತ ಮೂಸಿದರೆ ಪುಸ್ತಕ ತೆರೆದಿಟ್ಟು ಆಟದ ಮೈದಾನ ನೋಡಿದಂತೆ.

ಅಲ್ಲಿಯವರೆಗೆ ಮನೆಯವರ ಎಚ್ಚರವೂ ಮುಖ್ಯ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಮೂಗು ಸೋತವರಿಗೆ ಆ ಎಚ್ಚರಿಕೆ ತಲುಪುವುದಿಲ್ಲ. ಆದ್ದರಿಂದ ಒಂಟಿಯಾಗಿ ಅಡುಗೆ ಮಾಡುವವರಿದ್ದರೆ ಅನಿಲ ಸೂಚಕ ಯಂತ್ರ ಹಾಕಿಸುವುದು ಒಳ್ಳೆಯದು. ಹಾಲು, ಸಾಂಬಾರು ಕೆಟ್ಟಿದೆಯೆ ಎಂಬುದನ್ನು ಇನ್ನೊಬ್ಬರು ನೋಡಿ ಹೇಳಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಕಣ್ಣು ಮಂಜಾದರೆ ಮಗು ಕರಿಹಲಗೆ ಕಾಣುತ್ತಿಲ್ಲ ಎನ್ನುತ್ತದೆ. ವಾಸನೆ ಹೋದರೆ ಹೇಳಲು ಅದಕ್ಕೆ ಮಾತೇ ಸಿಗದಿರಬಹುದು. 'ಊಟ ಸೇರುವುದಿಲ್ಲ' ಎಂದಷ್ಟೇ ಹೇಳಿ ತಟ್ಟೆ ಸರಿಸಬಹುದು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದೇ ರುಚಿ. ಸಾರು ಸಾರಾಗುವುದು, ಪಾಯಸ ಪಾಯಸವಾಗುವುದು ಗಂಟಲ ಹಿಂಬದಿಯಿಂದ ಮೂಗಿಗೇರುವ ಪರಿಮಳದಿಂದ. ಜ್ವರ ನೆಗಡಿ ಕಳೆದ ಮೇಲೂ ವಾರಗಟ್ಟಲೆ ಮಗು ಊಟದಲ್ಲಿ ಆಸಕ್ತಿ ತೋರದಿದ್ದರೆ ಹಟವೆಂದು ಗದರಿಸುವ ಮೊದಲು ಕಣ್ಣು ಮುಚ್ಚಿಸಿ ಒಂದು ಕಿತ್ತಳೆ ಸಿಪ್ಪೆಯನ್ನು ಮೂಗಿನ ಬಳಿ ಹಿಡಿದು ಇದೇನೆಂದು ಕೇಳುವುದು ಲೇಸು. ಅದಕ್ಕೆ ತಗಲುವುದು ಅರ್ಧ ನಿಮಿಷ.